ವಾಟ ಗೊತ್ತಿದ್ದವರಿಗೆ ಸರಳರೇಖೆ ಕಷ್ಟವಲ್ಲ

ಅಪ್ಪ ಗಾರೆ ಕೆಲಸದವರು. ಹೊಸ ಮನೆಯ ತಾರಸಿ ಮುಗಿದ ಮೇಲೆ ಒಂದು ಕೊಡ ನೀರು ತಂದು ದೂರದ ಮೂಲೆಯಲ್ಲಿ ಸುರಿಯುತ್ತಿದ್ದರು. ಆಮೇಲೆ ಬೀಡಿ ಹಚ್ಚಿಕೊಂಡು ಕೂರುತ್ತಿದ್ದರು. ನೀರು ತಾನಾಗಿ ಪೈಪಿನ ಕಡೆ ಹೋದರೆ "ವಾಟ ಸರಿ ಇದೆ" ಅಂತ ಎದ್ದು ಹೊರಡುವುದು. ಎಲ್ಲಾದರೂ ನಿಂತಿತೋ, ಅವತ್ತು ಮನೆಗೆ ಬರುವುದು ತಡ.

ಆ ವಾಟವೇ ಸ್ಲೋಪ್ ಅಂತ ನನಗೆ ಗೊತ್ತಾಗಿದ್ದು ಫಸ್ಟ್ ಪಿಯುಸಿ ಮುಗಿಯುವ ಹೊತ್ತಿಗೆ. ಹತ್ತನೇ ಕ್ಲಾಸಿನವರೆಗೆ ನಂದು ಕನ್ನಡ ಮೀಡಿಯಂ. ಸೈನ್ಸ್ ತಗೊಂಡ ಮೇಲೆ ಎಲ್ಲ ಇಂಗ್ಲಿಷ್. ಲೆಕ್ಚರರ್ ಬೋರ್ಡಿನ ತುಂಬ ಸರಳರೇಖೆಯ ಸೂತ್ರ ಬರೆದು, ಇವಿಷ್ಟನ್ನೂ ಬಾಯಿಪಾಠ ಮಾಡಿ ಎಂದರು. ಮಾಡಿದೆ. ಟೆಸ್ಟಿನಲ್ಲಿ ಯಾವ ಲೆಕ್ಕಕ್ಕೆ ಯಾವ ಸೂತ್ರ ಅಂತ ತಿಳಿಯಲಿಲ್ಲ. 25ಕ್ಕೆ 6 ಬಂತು. ಮನೆಯಲ್ಲಿ ಒಂದು ದಿನ ಆ ಪಾಠದ ಚಿತ್ರ ನೋಡಿದ ಅಪ್ಪ, "ಏನಿದು, ವಾಟ ತೆಗೆಯೋದನ್ನ ಕಾಲೇಜಲ್ಲಿ ಹೇಳಿಕೊಡ್ತಾರಾ?" ಎಂದರು. ಅವತ್ತು ಸಿಟ್ಟು ಬಂದಿತ್ತು. ರಾತ್ರಿ ಮಲಗಿಕೊಂಡು ಯೋಚನೆ ಮಾಡಿದಾಗ ತಲೆಯೊಳಗೆ ಲೈಟು ಹತ್ತಿತು.

ಈಗ ಅರಸೀಕೆರೆಯಲ್ಲಿ ಮನೆಯಲ್ಲೇ ಸಂಜೆ ಟ್ಯೂಷನ್ ಹೇಳುತ್ತೇನೆ. ಈ ಪಾಠಕ್ಕೆ ನಾನು ಮಕ್ಕಳಿಗೆ ಕೊಡುವುದು ಒಂದೇ ಸೂತ್ರ. ಉಳಿದವು ಅದರಿಂದಲೇ ಹುಟ್ಟುತ್ತವೆ. ನನ್ನ ದಾರಿ ಹೀಗಿದೆ, ನೀವೂ ಪೆನ್ನು ಹಿಡಿದು ಕೂತುಕೊಳ್ಳಿ. ಒಂದು ಗ್ರಾಫ್ ಹಾಳೆ ಇದ್ದರೆ ಇನ್ನೂ ಒಳ್ಳೆಯದು.

ಮೊದಲು ವಾಟ ಅಳೆಯೋಣ

ಇಳಿಜಾರು ಅಂದರೆ ಎರಡು ಅಳತೆಗಳ ಜೋಡಿ. ಎಷ್ಟು ಮುಂದೆ ಹೋದೆವು, ಅಷ್ಟರಲ್ಲಿ ಎಷ್ಟು ಮೇಲೆ ಹತ್ತಿದೆವು. ಹತ್ತಿದ್ದನ್ನು ಮುಂದೆ ಹೋದದ್ದರಿಂದ ಭಾಗಿಸಿದರೆ ಬರುವುದೇ ಇಳಿಜಾರು. ಇದನ್ನು ಪುಸ್ತಕದಲ್ಲಿ ಎಂ ಅಂತ ಬರೆಯುತ್ತಾರೆ.

(2, 3) ಮತ್ತು (6, 11) ಅನ್ನುವ ಎರಡು ಬಿಂದು ತಗೊಳ್ಳಿ. ಮೊದಲ ಸಂಖ್ಯೆ ಎಕ್ಸ್, ಅಂದರೆ ಎಷ್ಟು ಮುಂದೆ. ಎರಡನೆಯದು ವೈ, ಅಂದರೆ ಎಷ್ಟು ಮೇಲೆ. ಮುಂದೆ ಹೋದದ್ದು 6 − 2 = 4. ಹತ್ತಿದ್ದು 11 − 3 = 8.

ಎಂ = 8 / 4 = 2

ಒಂದು ಹೆಜ್ಜೆ ಮುಂದಿಟ್ಟರೆ ಎರಡು ಹೆಜ್ಜೆ ಮೇಲೆ. ಅಷ್ಟೇ ಅರ್ಥ. ತಿರುಗಿಸಿ ಕಳೆದರೂ ಪರವಾಗಿಲ್ಲ: (3 − 11) / (2 − 6) ಕೂಡ 2 ತಾನೆ. ಮೇಲೆ ಒಂದು ಕ್ರಮ, ಕೆಳಗೆ ಇನ್ನೊಂದು ಕ್ರಮ ಹಿಡಿದರೆ ಮಾತ್ರ ಕೆಟ್ಟಿತು. 8 / (−4) ಅಂತ ಬರೆದು, ಹತ್ತುವ ರೇಖೆಯನ್ನು ಇಳಿಸಿಬಿಡುವ ಮಕ್ಕಳು ಪ್ರತಿ ವರ್ಷ ಇರುತ್ತಾರೆ. ಅದಕ್ಕೇ ನಾನು ಬಿಂದುಗಳನ್ನು ಹಾಳೆಯ ಮೇಲೆ ಸುಮ್ನೆ ಒರಟಾಗಿ ಗುರುತಿಸಿ ನೋಡಿ ಅನ್ನುತ್ತೇನೆ. ಎಡದಿಂದ ಬಲಕ್ಕೆ ಹೋಗುವಾಗ ರೇಖೆ ಹತ್ತಿದರೆ ಇಳಿಜಾರು ಧನ, ಇಳಿದರೆ ಋಣ. ಚಿತ್ರ ಒಂದು ಹೇಳಿ ಲೆಕ್ಕ ಇನ್ನೊಂದು ಹೇಳಿದರೆ ತಪ್ಪು ಲೆಕ್ಕದಲ್ಲೇ ಇರುತ್ತದೆ.

ಚಿತ್ರ ಎಷ್ಟು ಕಡಿದಾಗಿ ಕಾಣುತ್ತದೆ ಅನ್ನುವುದನ್ನು ಮಾತ್ರ ನಂಬಬೇಡಿ. ನಮ್ಮ ಊರಿನಿಂದ ಹಾಸನ, ಸಕಲೇಶಪುರ ದಾಟಿ ಮಂಗಳೂರಿಗೆ ಹೋಗುವ ರೈಲು ಹಳಿ ಇದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಟ್ಟದಲ್ಲಿ 57 ಸುರಂಗಗಳು. ಅಲ್ಲಿ ಹಳಿಯ ಇಳಿಜಾರು 50ಕ್ಕೆ 1. 50 ಮೀಟರ್ ಮುಂದೆ ಹೋದರೆ 1 ಮೀಟರ್ ಏರಿಳಿತ. 1 / 50 ಅಂದರೆ 0.02. ಎರಡೂ ಅಕ್ಷಕ್ಕೆ ಒಂದೇ ಅಳತೆ ಹಿಡಿದು ಗ್ರಾಫ್ ಹಾಳೆಯಲ್ಲಿ ಬರೆದರೆ ಇದು ಮಲಗಿದ ಗೆರೆಯ ಹಾಗೆ ಕಾಣುತ್ತದೆ. ರೈಲಿಗೆ ಕೇಳಿ ನೋಡಿ, ಆ ಏರು ಎಂಥದ್ದು ಅಂತ! ಹಾಂ, ಆ ಕಡೆಯಿಂದ ಬರುವಾಗ +0.02, ಈ ಕಡೆಯಿಂದ ಹೋಗುವಾಗ −0.02. ಹಳಿ ಅದೇ, ನಾವು ಯಾವ ದಿಕ್ಕನ್ನು "ಮುಂದೆ" ಅಂದುಕೊಂಡೆವು ಅನ್ನುವುದು ಬೇರೆ.

ಸಮೀಕರಣ ಅಂದರೆ ಏನು ಹೇಳಿದಂತೆ?

ಇಲ್ಲಿ ನಿಧಾನ ಮಾಡಿ. ನಾನು ಪಿಯುಸಿಯಲ್ಲಿ ಎಡವಿದ್ದು ಇಲ್ಲೇ.

ರೇಖೆಯ ಸಮೀಕರಣ ಅಂದರೆ ಒಂದು ವಾಕ್ಯ. ಆ ರೇಖೆಯ ಮೇಲಿನ ಯಾವ ಬಿಂದುವನ್ನು ಹಾಕಿದರೂ ಅದು ನಿಜವಾಗಬೇಕು. ರೇಖೆಯ ಹೊರಗಿನ ಬಿಂದು ಹಾಕಿದರೆ ಸುಳ್ಳಾಗಬೇಕು. ಹಾಗಾದರೆ ಸರಳರೇಖೆಯ ಎಲ್ಲ ಬಿಂದುಗಳಿಗೂ ನಿಜವಾದ ಸಂಗತಿ ಯಾವುದು? ಎಲ್ಲಿಂದ ಎಲ್ಲಿಗೆ ಅಳೆದರೂ ವಾಟ ಒಂದೇ ಅನ್ನುವುದು. ಅದನ್ನೇ ಬರೆದುಬಿಡೋಣ.

(2, 3) ನಮಗೆ ಗೊತ್ತಿರುವ ಬಿಂದು. ಇಳಿಜಾರು 2. ರೇಖೆಯ ಮೇಲೆ ಎಲ್ಲೋ ಒಂದು ಕಡೆ ಹೆಸರಿಲ್ಲದ ಬಿಂದು (ಎಕ್ಸ್, ವೈ) ಕೂತಿದೆ ಅಂದುಕೊಳ್ಳಿ. (2, 3)ರಿಂದ ಅದರವರೆಗೆ ಹತ್ತಿದ್ದು ವೈ − 3. ಮುಂದೆ ಹೋದದ್ದು ಎಕ್ಸ್ − 2. ಭಾಗಿಸಿದರೆ 2 ಬರಲೇಬೇಕು.

(ವೈ − 3) / (ಎಕ್ಸ್ − 2) = 2

ಎಕ್ಸ್ − 2 ಅನ್ನು ಆ ಕಡೆಗೆ ಕಳಿಸಿ:

ವೈ − 3 = 2(ಎಕ್ಸ್ − 2)

ಮುಗಿಯಿತು. ಇದೇ ಸಮೀಕರಣ. ಬಿಡಿಸಿದರೆ ವೈ = 2ಎಕ್ಸ್ − 1. ಸರಿ ಇದೆಯಾ ನೋಡಲು ಬಳಸದೇ ಉಳಿದ (6, 11) ಹಾಕಿ. 2 × 6 − 1 = 11. ಸರಿ ಇದೆ.

ಬೋರ್ಡಿನ ಮೇಲಿದ್ದ "ಬಿಂದು-ಇಳಿಜಾರು ರೂಪ" ಅನ್ನುವ ಸೂತ್ರ ಬೇರೆ ಯಾವುದೂ ಅಲ್ಲ, ವಾಟದ ಲೆಕ್ಕವೇ. ಎರಡನೇ ಬಿಂದುವಿಗೆ ಹೆಸರಿಟ್ಟಿಲ್ಲ, ಅಷ್ಟೇ ವ್ಯತ್ಯಾಸ. ಒಂದು ಬಿಂದು ಬೇಕು, ಒಂದು ಇಳಿಜಾರು ಬೇಕು. ಪ್ರಶ್ನೆ ಹೇಗೇ ಬರಲಿ, ಈ ಎರಡನ್ನು ಹುಡುಕಿಕೊಳ್ಳುವುದೇ ನಿಮ್ಮ ಕೆಲಸ.

ಬಿಂದುವಿನಲ್ಲಿ ಋಣ ಸಂಖ್ಯೆ ಇದ್ದರೆ ಸ್ವಲ್ಪ ಹುಷಾರು. ಇಳಿಜಾರು −2, ಬಿಂದು (−4, 5) ಅಂದಾಗ ಎಕ್ಸ್ − (−4) ಅಂತ ಆವರಣ ಹಾಕಿಯೇ ಬರೆಯಿರಿ. ಆಗ ಅದು ತಾನಾಗಿ ಎಕ್ಸ್ + 4 ಆಗುತ್ತದೆ. ವೈ − 5 = −2(ಎಕ್ಸ್ + 4), ಅಂದರೆ ವೈ = −2ಎಕ್ಸ್ − 3. ಆವರಣ ಹಾಕಲು ಸೋಮಾರಿತನ ಮಾಡಿದವರು ಎಕ್ಸ್ − 4 ಬರೆದು ಎರಡು ಮಾರ್ಕ್ಸ್ ಬಿಡುತ್ತಾರೆ.

ಆಟೋ ಮೀಟರ್

ನಮ್ಮ ಟ್ಯೂಷನ್ ಹುಡುಗರಲ್ಲಿ ಸುಮಾರು ಜನರ ಅಣ್ಣ, ಅಕ್ಕ ಬೆಂಗಳೂರಿನಲ್ಲಿದ್ದಾರೆ. ಹಾಗಾಗಿ ಆಟೋ ಲೆಕ್ಕ ಅಂದರೆ ಎಲ್ಲರ ಕಿವಿ ನೆಟ್ಟಗಾಗುತ್ತದೆ. ಮೀಟರ್ ಹಾಕ್ತಾರಾ ಅನ್ನುವ ಚರ್ಚೆಗೆ ಮಾತ್ರ ನಾನು ಐದು ನಿಮಿಷಕ್ಕಿಂತ ಜಾಸ್ತಿ ಕೊಡುವುದಿಲ್ಲ.

2025ರ ಆಗಸ್ಟ್ 1ರಿಂದ ಬೆಂಗಳೂರಿನ ಮೀಟರ್ ದರ ಹೀಗೆ: ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಪ್ರತಿ ಕಿಲೋಮೀಟರಿಗೆ 18. ಕಾಯುವ ಚಾರ್ಜು ಬಿಡಿ, ಮೀಟರ್ ಜಿಗಿದು ಜಿಗಿದು ಓಡುವುದನ್ನೂ ಬಿಡಿ. ದೂರ ಎಕ್ಸ್ ಕಿಲೋಮೀಟರ್, ದುಡ್ಡು ವೈ ರೂಪಾಯಿ ಅಂತ ಇಟ್ಟುಕೊಳ್ಳೋಣ.

ಇಳಿಜಾರು ಎಲ್ಲಿದೆ? "ಪ್ರತಿ ಕಿಲೋಮೀಟರಿಗೆ" ಅನ್ನುವ ಮಾತಿನಲ್ಲಿ. ಒಂದು ಹೆಜ್ಜೆ ಮುಂದೆ ಹೋದರೆ 18 ಮೇಲೆ. ಎಂ = 18. ಪ್ರಶ್ನೆಯಲ್ಲಿ "ಪ್ರತಿ", "ಒಂದಕ್ಕೆ", "ತಿಂಗಳಿಗೆ", "ಕೆಜಿಗೆ" ಅಂತ ಕಂಡರೆ ಅಲ್ಲೇ ಇಳಿಜಾರು ಅಡಗಿದೆ ಅಂತ ತಿಳಿಯಿರಿ. ಬಿಂದು ಯಾವುದು? 2 ಕಿಲೋಮೀಟರಿಗೆ 36, ಅಂದರೆ (2, 36).

ವೈ − 36 = 18(ಎಕ್ಸ್ − 2)

ಬಿಡಿಸಿ ನೋಡಿ. ವೈ = 18ಎಕ್ಸ್ − 36 + 36. ಅಂದರೆ ವೈ = 18ಎಕ್ಸ್!

ಮೊದಲ ಸಲ ಇದನ್ನು ಬಿಡಿಸಿದಾಗ ನಾನೇ ಎಲ್ಲೋ ತಪ್ಪು ಮಾಡಿದೆ ಅಂದುಕೊಂಡೆ. ಮಿನಿಮಮ್ ಚಾರ್ಜು ಎಲ್ಲಿ ಹೋಯಿತು? 36 ಅಂದರೆ ಸರಿಯಾಗಿ ಎರಡು ಹದಿನೆಂಟು. ಹಾಗಾಗಿ 2 ಕಿಲೋಮೀಟರ್ ದಾಟಿದವರಿಗೆ ಮಿನಿಮಮ್ ಚಾರ್ಜಿನ ಹೊರೆ ಇಲ್ಲವೇ ಇಲ್ಲ. ರೇಖೆಯನ್ನು ಹಿಂದಕ್ಕೆ ಎಳೆದರೆ ಸೀದಾ ಮೂಲಬಿಂದುವಿಗೆ, ಅಂದರೆ (0, 0)ಗೆ ಹೋಗಿ ಮುಟ್ಟುತ್ತದೆ. ಏಳೂವರೆ ಕಿಲೋಮೀಟರಿಗೆ 18 × 7.5 = 135 ರೂಪಾಯಿ. ಹತ್ತಿರ ಹೋಗುವವರ ಕಥೆ ಬೇರೆ. ಅರ್ಧ ಕಿಲೋಮೀಟರಿಗೂ 36, ಒಂದೂವರೆಗೂ 36. ಅಲ್ಲಿ ರೇಖೆ ಮಟ್ಟವಾಗಿ ಮಲಗಿದೆ, ಇಳಿಜಾರು ಸೊನ್ನೆ, ಸಮೀಕರಣ ವೈ = 36. ಅಂದರೆ ಆಟೋ ಮೀಟರಿನ ನಕ್ಷೆ ಒಂದು ರೇಖೆಯಲ್ಲ. ಎರಡು ತುಂಡುಗಳು (2, 36)ರಲ್ಲಿ ಕೂಡಿಕೊಂಡಿವೆ.

ಇದಕ್ಕೂ ಹಿಂದಿನ ದರ 2021ರ ಡಿಸೆಂಬರಿನದು. 2 ಕಿಲೋಮೀಟರಿಗೆ 30, ಆಮೇಲೆ 15. ಅದೂ ಹಾಗೆಯೇ: ವೈ = 15ಎಕ್ಸ್. ಅದಕ್ಕೂ ಹಿಂದೆ, 2013ರಿಂದ ಇದ್ದದ್ದು ಮೊದಲ 1.9 ಕಿಲೋಮೀಟರಿಗೆ 25, ಆಮೇಲೆ 13. ಇದನ್ನು ನೀವೇ ಮಾಡಿ, ಆಮೇಲೆ ಮುಂದಕ್ಕೆ ಓದಿ.

ವೈ − 25 = 13(ಎಕ್ಸ್ − 1.9)
ವೈ = 13ಎಕ್ಸ್ + 0.3

ಇಲ್ಲಿ ಬಾಲದಲ್ಲಿ 30 ಪೈಸೆ ಉಳಿಯಿತು. ಹಿಂದಕ್ಕೆ ಎಳೆದರೆ ಈ ರೇಖೆ ಮೂಲಬಿಂದುವಿಗಿಂತ ಕೂದಲೆಳೆಯಷ್ಟು ಮೇಲೆ ವೈ ಅಕ್ಷವನ್ನು ಮುಟ್ಟುತ್ತದೆ. ಆ 0.3ಗೆ ಹೆಸರು ವೈ-ಇಂಟರ್‌ಸೆಪ್ಟ್, ಪುಸ್ತಕದಲ್ಲಿ ಸಿ. ಹಾಗೆ ವೈ = ಎಂಎಕ್ಸ್ + ಸಿ ಅನ್ನುವ ಎರಡನೇ ಸೂತ್ರವೂ ಬಂದಂತಾಯಿತು. ಬಾಯಿಪಾಠ ಮಾಡಲಿಲ್ಲ, ಬಿಡಿಸಿದೆವು.

ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಒಂದೂವರೆ ಪಟ್ಟು. ಆಗ ಎಂ ಎಷ್ಟಾಗುತ್ತದೆ ಅಂತ ಕೇಳಿದರೆ ಹಿಂದಿನ ಬೆಂಚಿನ ಹುಡುಗರೂ 27 ಅನ್ನುತ್ತಾರೆ.

ಎರಡು ಬಿಂದು ಕೊಟ್ಟರೆ

ಅಪ್ಪ ಗೋಡೆ ಕಟ್ಟುವಾಗ ಮೊದಲು ಈ ತುದಿಗೊಂದು ಆ ತುದಿಗೊಂದು ಇಟ್ಟಿಗೆ ಇಟ್ಟು ನಡುವೆ ದಾರ ಹಿಡಿಯುತ್ತಿದ್ದರು. ಎರಡು ತುದಿ ಗಟ್ಟಿಯಾದ ಮೇಲೆ ದಾರಕ್ಕೆ ಬೇರೆ ದಾರಿ ಇಲ್ಲ. ಎರಡು ಬಿಂದುವಿನ ಸೂತ್ರ ಅಂದರೆ ಈ ದಾರ. ಅದನ್ನು ಬೇರೆಯಾಗಿ ನೆನಪಿಡುವುದು ದಂಡ ಅನ್ನುವುದು ನನ್ನ ಅಭಿಪ್ರಾಯ. ಮೊದಲು ಇಳಿಜಾರು ತೆಗೆಯಿರಿ, ಆಮೇಲೆ ಎರಡರಲ್ಲಿ ಒಂದು ಬಿಂದು ಹಿಡಿಯಿರಿ, ಹಳೆಯ ಸೂತ್ರಕ್ಕೇ ಹಾಕಿ.

ಥರ್ಮಾಮೀಟರ್ ನೋಡಿ. ನೀರು ಹೆಪ್ಪುಗಟ್ಟುವುದು 0 ಸೆಲ್ಸಿಯಸ್, ಅದೇ 32 ಫ್ಯಾರನ್‌ಹೀಟ್. ಕುದಿಯುವುದು 100, ಅದೇ 212. ಬಿಂದುಗಳು (0, 32) ಮತ್ತು (100, 212).

ಎಂ = (212 − 32) / (100 − 0) = 180 / 100 = 1.8

ವೈ − 32 = 1.8(ಎಕ್ಸ್ − 0), ಅಂದರೆ ವೈ = 1.8ಎಕ್ಸ್ + 32. ಮೈ ಬಿಸಿ 37 ಹಾಕಿ: 66.6 + 32 = 98.6. ಡಾಕ್ಟರ್ ಹೇಳುವ ಸಂಖ್ಯೆಯೇ ಬಂತು ನೋಡಿ.

ಒಂದು ವರ್ಷ ಒಬ್ಬ ಹುಡುಗಿ ಇಳಿಜಾರು 5 / 9 ಬರೆದು ತಂದಳು. ತಪ್ಪು ಅಂತ ಕೆಂಪು ಗೀಟು ಹಾಕಿದೆ. "ಮಿಸ್, ನಾನು ಫ್ಯಾರನ್‌ಹೀಟನ್ನ ಎಕ್ಸ್ ಅಂತ ತಗೊಂಡಿದ್ದೆ" ಎಂದಳು. ಹೌದಲ್ವಾ! ಅಕ್ಷ ಅದಲುಬದಲಾದರೆ ಇಳಿಜಾರು ತಲೆಕೆಳಗಾಗುತ್ತದೆ, 9 / 5 ಹೋಗಿ 5 / 9. ಅವಳದ್ದು ಸರಿಯೇ ಇತ್ತು, ಯಾವುದು ಎಕ್ಸ್ ಅಂತ ಬರೆದಿರಲಿಲ್ಲ ಅಷ್ಟೇ. ಅಲ್ಲಿಂದೀಚೆಗೆ ಕಥೆಯ ಲೆಕ್ಕ ಬಂದರೆ "ಎಕ್ಸ್ ಅಂದರೆ ಇದು, ವೈ ಅಂದರೆ ಇದು" ಅಂತ ಮೊದಲ ಸಾಲಿನಲ್ಲೇ ಬರೆಸುತ್ತೇನೆ. ಕೆಂಪು ಗೀಟನ್ನೂ ಹೊಡೆದು ಹಾಕಿದೆ.

ಎರಡು ಬಿಂದುಗಳು ಅಕ್ಷಗಳ ಮೇಲೇ ಇದ್ದರೆ ಕೆಲಸ ಇನ್ನೂ ಹಗುರ. (4, 0) ಮತ್ತು (0, 3) ತಗೊಂಡರೆ ಎಂ = −3 / 4, ಸಿ = 3. ಬಿಡಿಸಿದರೆ 3ಎಕ್ಸ್ + 4ವೈ = 12. ಎಲ್ಲವನ್ನೂ 12ರಿಂದ ಭಾಗಿಸಿದರೆ ಎಕ್ಸ್ / 4 + ವೈ / 3 = 1. ಇಂಟರ್‌ಸೆಪ್ಟ್ ರೂಪ ಅನ್ನುವುದು ಇದೇ.

ಒಂದೇ ತಾರಸಿ, ಎರಡು ಸಮೀಕರಣ

ತಾರಸಿ 30 ಅಡಿ ಉದ್ದ ಇದೆ ಅನ್ನಿ. ನೀರು ಹೋಗುವ ಪೈಪಿನ ಬಾಯಿಯಲ್ಲಿ ಗಾರೆ 2 ಇಂಚು ದಪ್ಪ. ಅಪ್ಪನ ಲೆಕ್ಕ 10 ಅಡಿಗೆ 1 ಇಂಚು ವಾಟ. ಪೈಪಿನಿಂದ ಎಕ್ಸ್ ಅಡಿ ದೂರದಲ್ಲಿ ದಪ್ಪ ವೈ ಇಂಚು ಆದರೆ:

ವೈ = ಎಕ್ಸ್ / 10 + 2

ದೂರದ ತುದಿಯಲ್ಲಿ 30 / 10 + 2 = 5 ಇಂಚು. ಈಗ ಅದೇ ತಾರಸಿಯ ಆ ತುದಿಯಲ್ಲಿ ನಿಂತು ಅಳೆಯೋಣ. ಅಲ್ಲಿ ಎಕ್ಸ್ ಸೊನ್ನೆ, ದಪ್ಪ 5. ಪೈಪಿನ ಕಡೆ ಬಂದಂತೆ ಕಡಿಮೆ.

ವೈ = −ಎಕ್ಸ್ / 10 + 5

ತಾರಸಿ ಬದಲಾಗಿಲ್ಲ. ಸೊನ್ನೆ ಎಲ್ಲಿಟ್ಟೆವು ಅನ್ನುವುದು ಬದಲಾಯಿತು, ಇಳಿಜಾರಿನ ಚಿಹ್ನೆಯೂ ಸಿಯೂ ಬದಲಾದವು. ಪಕ್ಕದವರ ಉತ್ತರ ನಿಮ್ಮದರ ಹಾಗಿಲ್ಲ ಅಂತ ಹೆದರುವ ಮೊದಲು ಅವರ ಸೊನ್ನೆ ಎಲ್ಲಿದೆ ಅಂತ ಕೇಳಿ.

ಇನ್ನೊಂದು ಮಾತು. ಇಲ್ಲಿ ಎಂ 1 / 10 ಬಂದದ್ದು ಅಡಿಗೆ ಇಂಚು ಅನ್ನುವ ಲೆಕ್ಕದಲ್ಲಿ. ಎರಡನ್ನೂ ಇಂಚಿಗೆ ತಂದರೆ 10 ಅಡಿ ಅಂದರೆ 120 ಇಂಚು, ಇಳಿಜಾರು 1 / 120. ರೈಲು ಹಳಿಯ ಹಾಗೆ "ಇಷ್ಟಕ್ಕೆ ಒಂದು" ಅಂತ ಹೇಳುವಾಗ ಎರಡೂ ಅಳತೆ ಒಂದೇ ಜಾತಿಯದ್ದಾಗಿರಬೇಕು. ಆಟೋ ಲೆಕ್ಕದಲ್ಲಿ ಹಾಗೆ ಆಗುವುದಿಲ್ಲ, ಅಲ್ಲಿ ರೂಪಾಯಿಯನ್ನು ಕಿಲೋಮೀಟರ್ ಮಾಡಲು ಬರುವುದಿಲ್ಲವಲ್ಲ. ಅಲ್ಲಿ ಇಳಿಜಾರಿನ ಜೊತೆ "ಕಿಲೋಮೀಟರಿಗೆ ರೂಪಾಯಿ" ಅಂತಲೇ ಹೇಳಬೇಕು.

ಇದನ್ನು ಅಪ್ಪನಿಗೆ ತೋರಿಸಿ, "ನಟ್ಟನಡುವೆ, 15 ಅಡಿಯಲ್ಲಿ ಎಷ್ಟು ಹೇಳಪ್ಪ" ಅಂದೆ. ನಾನು ಸಮೀಕರಣಕ್ಕೆ ಹಾಕುವ ಮೊದಲೇ "ಮೂರೂವರೆ" ಅಂದರು. ಎರಡೂ ಸಮೀಕರಣದಲ್ಲಿ 3.5 ಬಂತು. "ದಾರ ಹಿಡಿದ್ರೆ ಗೊತ್ತಾಗುತ್ತೆ, ಅದಕ್ಕೆ ಇಷ್ಟೊಂದು ಬರೀಬೇಕಾ?" ಅನ್ನುವುದು ಅವರ ತಕರಾರು. ಇವತ್ತಿಗೂ ಇದೆ.

ಮಟ್ಟ, ಗುಂಡು, ಮೂಲೆಮಟ್ಟ

ರಸಮಟ್ಟ ಇಟ್ಟು ನೋಡಿದಾಗ ಗುಳ್ಳೆ ನಡುವೆ ನಿಂತರೆ ನೆಲ ಮಟ್ಟ. ಎಷ್ಟು ಮುಂದೆ ಹೋದರೂ ಹತ್ತಿದ್ದು 0. ಇಳಿಜಾರು 0. ಸಮೀಕರಣ ವೈ = 36ರ ಹಾಗೆ, ಎಕ್ಸ್ ಇಲ್ಲದ್ದು.

ದಾರಕ್ಕೆ ಕಟ್ಟಿದ ಗುಂಡು ಇಳಿಬಿಟ್ಟಾಗ ದಾರ ನೆಟ್ಟಗೆ ನಿಲ್ಲುತ್ತದೆ. ಅಲ್ಲಿ ಹತ್ತಿದ್ದು ಬೇಕಾದಷ್ಟು, ಮುಂದೆ ಹೋದದ್ದು 0. ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ. ಆದ್ದರಿಂದ ಅದಕ್ಕೆ ಇಳಿಜಾರೇ ಇಲ್ಲ. "ಇಳಿಜಾರು ಸೊನ್ನೆ" ಮತ್ತು "ಇಳಿಜಾರು ಇಲ್ಲ" ಎರಡೂ ಒಂದೇ ಅಂತ ಬರೆದರೆ ನೆಲವನ್ನೂ ಗೋಡೆಯನ್ನೂ ಒಂದು ಮಾಡಿದ ಹಾಗೆ. ನಮ್ಮ ಸೂತ್ರ ಇಲ್ಲಿ ನಡೆಯುವುದಿಲ್ಲ. ಆ ರೇಖೆಯ ಎಲ್ಲ ಬಿಂದುಗಳಲ್ಲೂ ಎಕ್ಸ್ ಒಂದೇ, ಅದನ್ನೇ ಬರೆಯಿರಿ: ಎಕ್ಸ್ = 5.

ಸಮಾಂತರ ರೇಖೆಗಳಿಗೆ ಇಳಿಜಾರು ಒಂದೇ. ಇದರಲ್ಲಿ ಹೇಳುವುದೇನೂ ಇಲ್ಲ.

ಒಂದಕ್ಕೊಂದು ಲಂಬವಾದ ಎರಡು ರೇಖೆಗಳ ಇಳಿಜಾರುಗಳನ್ನು ಗುಣಿಸಿದರೆ −1 ಅನ್ನುತ್ತಾರೆ. ಯಾಕೆ ಅಂತ ನನಗೆ ಯಾರೂ ಹೇಳಿರಲಿಲ್ಲ. ರಟ್ಟಿನಲ್ಲಿ ಒಂದು ಲಂಬಕೋನ ತ್ರಿಕೋನ ಕತ್ತರಿಸಿ: ಬಲಕ್ಕೆ 1, ಮೇಲೆ 2. ಅದರ ಓರೆ ಅಂಚಿನ ಇಳಿಜಾರು 2. ಈಗ ರಟ್ಟನ್ನು ಮೂಲೆಮಟ್ಟದಷ್ಟು, ಅಂದರೆ 90 ಡಿಗ್ರಿ ಎಡಕ್ಕೆ ತಿರುಗಿಸಿ. ಬಲಕ್ಕಿದ್ದ 1 ಮೇಲಕ್ಕೆ ಹೋಯಿತು. ಮೇಲಿದ್ದ 2 ಎಡಕ್ಕೆ ಬಿತ್ತು, ಎಡ ಅಂದರೆ −2. ಹೊಸ ಇಳಿಜಾರು 1 / (−2). ತಲೆಕೆಳಗಾಯಿತು, ಚಿಹ್ನೆಯೂ ಬದಲಾಯಿತು. ಹಳೆಯ 2ರ ಜೊತೆ ಗುಣಿಸಿದರೆ −1. ಮಕ್ಕಳು ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಮರೆಯುತ್ತಾರೆ. ರಟ್ಟು ತಿರುಗಿಸಿದವರು ಮರೆಯುವುದಿಲ್ಲ.

ಪರೀಕ್ಷೆಯಲ್ಲಿ ಹೀಗೆ ಬರುತ್ತದೆ: 3ಎಕ್ಸ್ − 2ವೈ + 8 = 0 ಎಂಬ ರೇಖೆಗೆ ಲಂಬವಾಗಿ, (3, 1)ರ ಮೂಲಕ ಹೋಗುವ ರೇಖೆ ಬರೆಯಿರಿ. ಬಿಂದು ಕೈಯಲ್ಲಿದೆ, ಇಳಿಜಾರು ಹುಡುಕಬೇಕು. ಕೊಟ್ಟ ಸಮೀಕರಣದಲ್ಲಿ ವೈ ಒಂದನ್ನೇ ಈ ಕಡೆ ಉಳಿಸಿ: 2ವೈ = 3ಎಕ್ಸ್ + 8, ವೈ = (3 / 2)ಎಕ್ಸ್ + 4. ಇದರ ಇಳಿಜಾರು 3 / 2. ವೈ ಒಂಟಿಯಾಗುವ ಮೊದಲೇ ಎಕ್ಸ್ ಮುಂದಿನ 3 ಅನ್ನು ಇಳಿಜಾರು ಅಂದುಬಿಟ್ಟರೆ ಅಲ್ಲಿಂದಾಚೆ ಎಲ್ಲ ತಪ್ಪು. ಲಂಬದ ಇಳಿಜಾರು −2 / 3.

ವೈ − 1 = (−2 / 3)(ಎಕ್ಸ್ − 3)
3ವೈ − 3 = −2ಎಕ್ಸ್ + 6
2ಎಕ್ಸ್ + 3ವೈ = 9

(3, 1) ಹಾಕಿ: 6 + 3 = 9. ಸರಿ. ಬಿಂದು ಹಾಕಿ ನೋಡುವುದಕ್ಕೆ ಹತ್ತು ಸೆಕೆಂಡು. ಅಪ್ಪನ ಒಂದು ಕೊಡ ನೀರು ಇದ್ದ ಹಾಗೆ.

ಈಗ ನಿಮ್ಮ ಸರದಿ. ಒಂದು, ಇಳಿಜಾರು 3, ಬಿಂದು (1, −2). ಎರಡು, (−1, 4) ಮತ್ತು (3, −4)ರ ಮೂಲಕ. ಮೂರು, 5ಎಕ್ಸ್ + ವೈ − 7 = 0ಗೆ ಸಮಾಂತರವಾಗಿ (2, 1)ರ ಮೂಲಕ. ನಾಲ್ಕು, (6, 1) ಮತ್ತು (6, 9)ರ ಮೂಲಕ.

ಮೊದಲ ಮೂರರ ಉತ್ತರ ವೈ = 3ಎಕ್ಸ್ − 5, ವೈ = −2ಎಕ್ಸ್ + 2, ವೈ = −5ಎಕ್ಸ್ + 11. ನಾಲ್ಕನೆಯದಕ್ಕೆ ಸೂತ್ರ ಹಾಕಿ ಕೆಳಗೆ ಸೊನ್ನೆ ಬಂದು ಕೂತಿದ್ದರೆ ಪೆನ್ನು ಕೆಳಗಿಡಿ. ಅದು ಗುಂಡಿನ ದಾರ: ಎಕ್ಸ್ = 6.